ಗೆದ್ದ ಮಾರನೇ ದಿನದ ರಾಜೀನಾಮೆ

(ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಅಮೆರಿಕದಲ್ಲಿ ಒಬ್ಬ ಅಧ್ಯಕ್ಷ ಎರಡನೇ ಸಲ ಗೆದ್ದ ಅಂದರೆ ಸಾಕು, ಪತ್ರಿಕೆಗಳಿಗೆ ಹಬ್ಬ. ವಿದೇಶಾಂಗಕ್ಕೆ ಇವರಂತೆ, ಹಣಕಾಸಿಗೆ ಅವರಂತೆ, ಇನ್ಯಾರನ್ನೋ ಮನೆಗೆ ಕಳಿಸ್ತಾರಂತೆ. 2012ರಲ್ಲಿ ಒಬಾಮ ಮತ್ತೆ ಗೆದ್ದಾಗ, ಹಿಲರಿ ಕ್ಲಿಂಟನ್ ಜಾಗಕ್ಕೆ ಸೂಸನ್ ರೈಸ್ ಬರ್ತಾರೆ ಅಂತ ಎಲ್ಲ ಕಡೆ ಬರೆದರು. ಸೆನೆಟ್ಟಿನಲ್ಲಿ ವಿರೋಧ ಎದ್ದಿತು. ಡಿಸೆಂಬರಿನಲ್ಲಿ ಆಕೆ ಹಿಂದೆ ಸರಿದರು, ಜಾಗ ಜಾನ್ ಕೆರ್ರಿ ಪಾಲಾಯಿತು. ಮುಂದಿನ ವರ್ಷ ಅದೇ ಸೂಸನ್ ರೈಸ್ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಆ ಹುದ್ದೆಗೆ ಸೆನೆಟ್ಟಿನ ಒಪ್ಪಿಗೆಯೇ ಬೇಕಿಲ್ಲ. ಊಹೆ ಮಾಡಿದವರು ಹೆಸರು ನೋಡ್ತಾ ಕೂತಿದ್ದರು, ಬಾಗಿಲು ಎಷ್ಟಿದಾವೆ ಅಂತ ಎಣಿಸಲಿಲ್ಲ.

ನಾವೂ ಹಾಸ್ಟೆಲ್ ಜಗಲಿ ಮೇಲೆ ಕೂತು ಇಂಥ ಆಟ ಆಡುವವರೇ. ಯಾರು ಮಂತ್ರಿಯಾಗ್ತಾರೆ, ಯಾರು ಬೀಳ್ತಾರೆ ಅಂತ ರಾತ್ರಿಯೆಲ್ಲ ಮಾತಾಡ್ತೀವಿ. ಆಡೋಣ, ತಪ್ಪೇನಿಲ್ಲ. ಆದರೆ ಅಮೆರಿಕದ ವಿಷಯಕ್ಕೆ ಬಂದಾಗ ಒಂದು ವ್ಯತ್ಯಾಸ ಗೊತ್ತಿರಬೇಕು. ನಮ್ಮಲ್ಲಿ ಮಂತ್ರಿಯಾದವನು ಶಾಸನಸಭೆಯಲ್ಲೋ ಸಂಸತ್ತಿನಲ್ಲೋ ಇರಲೇಬೇಕು, ಇಲ್ಲದಿದ್ದರೆ ಆರು ತಿಂಗಳೊಳಗೆ ಗೆದ್ದು ಬರಬೇಕು. ಅವನಿಗೊಂದು ಕ್ಷೇತ್ರ, ಹಿಂದೆ ಒಂದು ಗುಂಪು. ಅಲ್ಲಿ ಇದು ತಿರುಗುಮುರುಗು. ಕಾಂಗ್ರೆಸ್ಸಿನಲ್ಲಿ, ಅಂದರೆ ಅವರ ಸಂಸತ್ತಿನಲ್ಲಿ, ನಮ್ಮ ಕಾಂಗ್ರೆಸ್ ಪಕ್ಷ ಅಂದುಕೊಂಡೀರಿ ಮತ್ತೆ, ಸದಸ್ಯನಾಗಿರುವವನು ಮಂತ್ರಿಯಾಗುವ ಹಾಗಿಲ್ಲ. ಆಗಬೇಕಾದರೆ ಸದಸ್ಯತ್ವ ಬಿಡಬೇಕು. ಅಧ್ಯಕ್ಷ ಹೆಸರು ಹೇಳ್ತಾನೆ, ಸೆನೆಟ್ ಒಪ್ಪುತ್ತೆ, ಅಷ್ಟೆ. ತೆಗೆದುಹಾಕಲು ಯಾರ ಒಪ್ಪಿಗೆಯೂ ಬೇಡ. ಅಲ್ಲಿನ ಮಂತ್ರಿಗೆ ಓಟು ಹಾಕಿದ ಜನ ಇಲ್ಲ, ಕೂರಿಸಿದ ಒಬ್ಬನೇ ಇದ್ದಾನೆ. ಇನ್ನು ಆ ಒಬ್ಬನಿಗೆ 1951ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಎರಡು ಸಲ ಗೆದ್ದ ಮೇಲೆ ಮತ್ತೆ ಚುನಾವಣೆಯೇ ಇಲ್ಲ. ಇಬ್ಬರೂ ಓಟುದಾರನಿಗೆ ಮುಖ ತೋರಿಸಬೇಕಾಗಿಲ್ಲದ ನಾಲ್ಕು ವರ್ಷ ಹೇಗಿರ್ತಾವೆ ಅನ್ನೋದಕ್ಕೆ ನಾವು ನೋಡಬೇಕಾದ್ದು ನಿಕ್ಸನ್‌ನ 1972.

ಆ ವರ್ಷ ನವೆಂಬರ್ 7ರಂದು ರಿಚರ್ಡ್ ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು. ಎದುರಾಳಿ ಮೆಕ್‌ಗವರ್ನ್‌ಗೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ಒಂದು, ಜೊತೆಗೆ ರಾಜಧಾನಿ ವಾಷಿಂಗ್ಟನ್. ಕಪ್ಪು ಜನ ಬಹುಪಾಲು ಮೆಕ್‌ಗವರ್ನ್‌ಗೇ ಓಟು ಹಾಕಿದ್ದರು. ಗೆದ್ದ ಮಾರನೇ ದಿನ ಬೆಳಿಗ್ಗೆ ನಿಕ್ಸನ್ ತಮ್ಮ ಸಿಬ್ಬಂದಿಯನ್ನೆಲ್ಲ ಸೇರಿಸಿ ನಾಲ್ಕು ಮಾತಾಡಿ ಎದ್ದು ಹೋದರು. ಹಿಂದೆ ಉಳಿದ ಹಾಲ್ಡೆಮನ್ ಎಂಬ ಮುಖ್ಯಸ್ಥ ಹೇಳಿದ್ದು ಒಂದೇ: ಎಲ್ಲರೂ ರಾಜೀನಾಮೆ ಬರೆದುಕೊಡಿ. ಆಮೇಲೆ ಮಂತ್ರಿಗಳ ಸಭೆ, ಅಲ್ಲೂ ಅದೇ. ನಾಲ್ಕು ವರ್ಷ ದುಡಿದು ಗೆಲ್ಲಿಸಿದವರ ಬಾಯಿ ಒಣಗಿತು. ಇದು ತಪ್ಪಾಯಿತು ಅಂತ ನಿಕ್ಸನ್ನೇ ಆಮೇಲೆ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಮುಂದೆ ವಾರಗಟ್ಟಲೆ ಕ್ಯಾಂಪ್ ಡೇವಿಡ್ ಅನ್ನೋ ಗುಡ್ಡದ ಬಂಗಲೆಯಲ್ಲಿ ಕೂತು ಒಬ್ಬೊಬ್ಬರನ್ನೇ ಹೆಲಿಕಾಪ್ಟರಿನಲ್ಲಿ ಕರೆಸಿಕೊಂಡರು. ಪತ್ರಕರ್ತರು ಕೆಳಗೆ ಕಾಯ್ತಾ ಯಾರು ಹತ್ತಿದರು, ಯಾರು ಇಳಿದರು ಅಂತ ಲೆಕ್ಕ ಹಾಕ್ತಿದ್ದರು. ಕೊನೆಗೆ 11 ಖಾತೆಗಳಲ್ಲಿ 6ಕ್ಕೆ ಮಂತ್ರಿ ಬದಲಾದರು, 5ರಲ್ಲಿ ಹಳಬರೇ ಉಳಿದರು. ವಿದೇಶಾಂಗದ ರೋಜರ್ಸ್ ಆಗ ಉಳಿದರು. ಅಸಲು ಅಧಿಕಾರ ಅಧ್ಯಕ್ಷನ ಪಕ್ಕದ ಕೋಣೆಯಲ್ಲಿದ್ದ ಕಿಸಿಂಜರ್ ಕೈಲಿತ್ತು. 1973ರ ಸೆಪ್ಟೆಂಬರಿನಲ್ಲಿ ಆ ಕುರ್ಚಿಯೂ ಕಿಸಿಂಜರ್‌ಗೇ ಬಂತು. ಹನ್ನೊಂದು ಜನರಲ್ಲಿ ಕಪ್ಪು ಮನುಷ್ಯ ಒಬ್ಬನೂ ಇಲ್ಲ, ಹೆಂಗಸು ಒಬ್ಬಳೂ ಇಲ್ಲ. 1966ರಲ್ಲೇ ಜಾನ್ಸನ್ ಕಾಲದಲ್ಲಿ ರಾಬರ್ಟ್ ವೀವರ್ ಮೊದಲ ಕಪ್ಪು ಮಂತ್ರಿಯಾಗಿ ವಸತಿ ಖಾತೆಯಲ್ಲಿ ಕೂತಿದ್ದರು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಅದೇ 1972ರಲ್ಲಿ ಇಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಹೆಸರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಬಂದದ್ದು. ಅವರ ಕರಿ ಕೋಟು, ಎತ್ತಿದ ಮುಷ್ಟಿ ನಮಗೆ ಗೊತ್ತು. ಅದೇ ಚಳಿಗಾಲದಲ್ಲಿ ಆ ಜನರ ಕೆಲಸದ, ಮನೆಯ ಖಾತೆಗಳನ್ನು ಗುಡ್ಡದ ಮೇಲೆ ಕೂತು ಯಾರ್ಯಾರಿಗೆ ಹಂಚಿದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ಅಂತ ಕೇಳಲ್ಲ ಬಿಡಿ, ನಮಗೂ ಗೊತ್ತಿರಲಿಲ್ಲ.

ಮೊದಲು ಕಾರ್ಮಿಕ ಖಾತೆ ನೋಡೋಣ. ಅಲ್ಲಿ ಕಟ್ಟಡ ಕೆಲಸದ ಒಳ್ಳೆ ಕಸುಬುಗಳು, ಕಬ್ಬಿಣ ಕಟ್ಟೋದು, ಪೈಪು ಜೋಡಿಸೋದು, ಕರೆಂಟು ಕೆಲಸ, ಎಲ್ಲ ಬಿಳಿಯರ ಯೂನಿಯನ್ನುಗಳ ಹಿಡಿತದಲ್ಲಿದ್ದವು. ಅಪ್ಪ ಇದ್ದರೆ ಮಗನಿಗೆ, ಮಾವ ಇದ್ದರೆ ಅಳಿಯನಿಗೆ. ಕಪ್ಪು ಹುಡುಗನಿಗೆ ಮಣ್ಣು ಹೊರುವ ಕೆಲಸ. ಈ ಪದ್ಧತಿ ಅರ್ಥವಾಗಲು ನಮಗೆ ಅಮೆರಿಕದ ಭೂಪಟ ಬೇಕಾಗಿಲ್ಲ. 1969ರಲ್ಲಿ ನಿಕ್ಸನ್ ಸರ್ಕಾರವೇ, ಹೌದು, ಅದೇ ನಿಕ್ಸನ್, ಫಿಲಡೆಲ್ಫಿಯ ಯೋಜನೆ ಅಂತ ತಂದಿತು. ಐದು ಲಕ್ಷ ಡಾಲರಿಗಿಂತ ಹೆಚ್ಚಿನ ಸರ್ಕಾರಿ ಗುತ್ತಿಗೆ ಬೇಕಾದರೆ, ಇಂಥ ಕಸುಬಿಗೆ ಇಷ್ಟು ಕಪ್ಪು ಜನರನ್ನು ತಗೋತೀವಿ ಅಂತ ಗುತ್ತಿಗೆದಾರ ಗುರಿ ಬರೆದುಕೊಡಬೇಕು. ಇದರ ಹಿಂದೆ ನಿಂತು ಜಗಳ ಆಡಿದವರು ಕಾರ್ಮಿಕ ಖಾತೆಯ ಸಹಾಯಕ ಮಂತ್ರಿ ಆರ್ಥರ್ ಫ್ಲೆಚರ್, ಕಪ್ಪು ಮನುಷ್ಯ. ಗುತ್ತಿಗೆದಾರರು ಕೋರ್ಟಿಗೆ ಹೋದರು. 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಯೋಜನೆ ಸರಿ ಅಂತ ತೀರ್ಪು ಕೊಟ್ಟಿತು.

ಎರಡನೇ ಅವಧಿಗೆ ಆ ಖಾತೆಗೆ ಯಾರನ್ನ ತಂದರು ಗೊತ್ತೇನ್ರಪ್ಪಾ? ಪೀಟರ್ ಬ್ರೆನನ್. ಬಣ್ಣ ಬಳಿಯುವ ಕೆಲಸದಿಂದ ಮೇಲೆ ಬಂದು ನ್ಯೂಯಾರ್ಕಿನ ಕಟ್ಟಡ ಕಾರ್ಮಿಕ ಸಂಘಗಳ ಮಂಡಳಿಯ ಅಧ್ಯಕ್ಷರಾದವರು. ಕೂಲಿಯವನು ಮಂತ್ರಿಯಾದ ಅಂತ ನಾವು ಸಂತೋಷಪಡಬೇಕಾದ ಸಂಗತಿ. ಆದರೆ ಇದೇ ಬ್ರೆನನ್ ಸರ್ಕಾರ ಗುರಿ ಹೇರುವುದನ್ನು ವಿರೋಧಿಸಿದವರು. 1970ರ ಮೇ 4ರಂದು ಕೆಂಟ್ ವಿಶ್ವವಿದ್ಯಾಲಯದಲ್ಲಿ ಸೈನಿಕರ ಗುಂಡಿಗೆ ನಾಲ್ಕು ವಿದ್ಯಾರ್ಥಿಗಳು ಸತ್ತರು. ನಾಲ್ಕು ದಿನ ಬಿಟ್ಟು ನ್ಯೂಯಾರ್ಕಿನಲ್ಲಿ ಅದಕ್ಕಾಗಿ ಪ್ರತಿಭಟನೆಗೆ ನಿಂತ ಹುಡುಗ ಹುಡುಗಿಯರನ್ನು ಕಟ್ಟಡ ಕಾರ್ಮಿಕರು ಬೀದಿಯಲ್ಲಿ ಹೊಡೆದರು. ಅದೇ ತಿಂಗಳು ಬ್ರೆನನ್ ಅಧ್ಯಕ್ಷರ ಭವನಕ್ಕೆ ಹೋಗಿ ನಿಕ್ಸನ್‌ಗೆ ಕಾರ್ಮಿಕರ ಗಟ್ಟಿ ಟೋಪಿ ಉಡುಗೊರೆ ಕೊಟ್ಟು ಬಂದರು. ಟೋಪಿ ಹಾಕಿದ್ದು ಯಾರಿಗೆ ಅನ್ನೋದು ನಿಮಗೆ ಬಿಟ್ಟದ್ದು. ಯೋಜನೆಯ ಕಾನೂನು ಹಾಗೇ ಇತ್ತು, ಒಂದಕ್ಷರ ಅಳಿಸಿರಲಿಲ್ಲ. ಅದನ್ನ ಜಾರಿ ಮಾಡಬೇಕಾದ ಕುರ್ಚಿಗೆ, ಅದು ಬೇಡ ಅಂದವರೇ ಬಂದು ಕೂತರು.

ನಾಗರಿಕ ಹಕ್ಕುಗಳ ಆಯೋಗದ್ದೂ ಹೆಚ್ಚುಕಡಿಮೆ ಇದೇ ಕಥೆ. ಫಾದರ್ ಹೆಸ್‌ಬರ್ಗ್ ಅನ್ನೋ ಪಾದ್ರಿ ಅದು ಹುಟ್ಟಿದ 1957ರಿಂದ ಸದಸ್ಯರು, 1969ರಿಂದ ಅಧ್ಯಕ್ಷರು. ಸರ್ಕಾರದ ಇಲಾಖೆಗಳೇ ಹಕ್ಕಿನ ಕಾನೂನುಗಳನ್ನು ಜಾರಿ ಮಾಡ್ತಿಲ್ಲ ಅಂತ 1970ರಲ್ಲಿ ಆಯೋಗ ವರದಿ ಬರೆಯಿತು. ಚುನಾವಣೆ ಮುಗಿದ ಆ ನವೆಂಬರಿನಲ್ಲೇ ಅವರಿಂದ ರಾಜೀನಾಮೆ ಪಡೆದರು. ವಸತಿ ಖಾತೆಯ ಜಾರ್ಜ್ ರಾಮ್ನಿ, ಬಿಳಿಯರ ಬಡಾವಣೆಗಳಲ್ಲಿ ಕಪ್ಪು ಜನಕ್ಕೂ ಮನೆ ಸಿಗಲಿ ಅಂತ ಒದ್ದಾಡಿ ಸೋತವರು, ಅವರೂ ಹೊರಟರು. ಹೋಗುವ ಮುಂಚೆ 1973ರ ಜನವರಿಯಲ್ಲಿ ಸಬ್ಸಿಡಿ ಮನೆಗಳ ಯೋಜನೆ ನಿಲ್ಲಿಸಲಾಗಿದೆ ಅಂತ ಅವರ ಬಾಯಿಂದಲೇ ಹೇಳಿಸಿದರು.

ಮಂತ್ರಿಗಳ ಕೆಳಗಿನ ಕುರ್ಚಿಗಳ ಮೇಲೆ ಪತ್ರಿಕೆಗಳಿಗೆ ಅಷ್ಟು ಕಣ್ಣಿರಲಿಲ್ಲ. ನಿಕ್ಸನ್ ಕಣ್ಣಿದ್ದದ್ದು ಅಲ್ಲೇ. ತಮ್ಮ ಕಚೇರಿಯ ನಂಬಿಗಸ್ತರನ್ನು ಕೆಲವು ಖಾತೆಗಳಿಗೆ ಉಪಮಂತ್ರಿ ಮಾಡಿ ಕಳಿಸಿದರು. ಸಾರಿಗೆಗೆ ಹೋದವರು ಎಗಿಲ್ ಕ್ರೋಗ್. ವಿಯಟ್ನಾಂ ಯುದ್ಧದ ಗುಟ್ಟಿನ ಕಾಗದಗಳನ್ನು ಹೊರಗೆ ಹಾಕಿದ ಎಲ್ಸ್‌ಬರ್ಗ್ ಅವರ ಮನೋವೈದ್ಯನ ಕಚೇರಿಗೆ 1971ರಲ್ಲಿ ಕನ್ನ ಹಾಕಿಸಿದ ತಂಡದ ಮುಖ್ಯಸ್ಥರಲ್ಲಿ ಇವರೂ ಒಬ್ಬರು. 1973ರಲ್ಲೇ ಹುದ್ದೆ ಬಿಟ್ಟರು, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು.

ನಂಬಿಗಸ್ತರನ್ನೇ ಆರಿಸಿದರೂ ಲೆಕ್ಕ ತಪ್ಪುತ್ತೆ. ಎಲಿಯಟ್ ರಿಚರ್ಡ್‌ಸನ್ನರನ್ನು ಆರೋಗ್ಯ ಶಿಕ್ಷಣದ ಖಾತೆಯಿಂದ ಎತ್ತಿ ರಕ್ಷಣೆಗೆ ಹಾಕಿದರು. ವಾಟರ್‌ಗೇಟ್ ಹಗರಣ ಕುದಿಯತೊಡಗಿದಾಗ ಅಲ್ಲಿಂದ ಎತ್ತಿ ಮೇ ತಿಂಗಳಲ್ಲಿ ಕಾನೂನು ಖಾತೆಗೆ. ಎಲ್ಲಿ ಹಾಕಿದರೂ ಕೂರುವ ಮನುಷ್ಯ ಅಂದುಕೊಂಡಿದ್ದರು. 1973ರ ಅಕ್ಟೋಬರ್ 20, ಶನಿವಾರ ರಾತ್ರಿ, ಹಗರಣದ ತನಿಖೆ ಮಾಡ್ತಿದ್ದ ಆರ್ಚಿಬಾಲ್ಡ್ ಕಾಕ್ಸ್‌ನ ತೆಗೆದುಹಾಕಿ ಅಂದಾಗ ರಿಚರ್ಡ್‌ಸನ್ ಆಗಲ್ಲ ಅಂದು ರಾಜೀನಾಮೆ ಕೊಟ್ಟರು. ಅವರ ಕೆಳಗಿದ್ದ ರಕಲ್‌ಹೌಸ್ ಕೂಡ ಆಗಲ್ಲ ಅಂದರು. ಮೂರನೆಯವರಾದ ಬೋರ್ಕ್ ಸಹಿ ಹಾಕಿದರು. ಗೆದ್ದ ಮಾರನೇ ದಿನ ಕೇಳಿ ಪಡೆದ ರಾಜೀನಾಮೆಗಳನ್ನು ಯಾರೂ ನೆನಪಿಟ್ಟಿಲ್ಲ, ಕೇಳದೆ ಬಂದ ಈ ರಾಜೀನಾಮೆಯನ್ನು ಇಂದಿಗೂ ಮರೆತಿಲ್ಲ.

ಇನ್ನೊಂದು ಕಚೇರಿಯ ಕಥೆ ಹೇಳದೆ ಮುಗಿಸೋ ಹಾಗಿಲ್ಲ. ಅದು ಸಂಪುಟದ ಖಾತೆಯೂ ಅಲ್ಲ. ಬಡತನದ ವಿರುದ್ಧ ಯುದ್ಧ ಅಂತ 1964ರಲ್ಲಿ ಜಾನ್ಸನ್ ತೆರೆದ ಆರ್ಥಿಕ ಅವಕಾಶಗಳ ಕಚೇರಿ. ಊರೂರಿನ ಬಡವರ ಸಂಘಗಳಿಗೆ ಹಣ ಕೊಡೋದು, ಬಡವರ ಕೇಸಿಗೆ ವಕೀಲರನ್ನು ಕೊಡೋದು ಇದರ ಕೆಲಸ. 1973ರ ಜನವರಿಯಲ್ಲಿ ಹೋವರ್ಡ್ ಫಿಲಿಪ್ಸ್ ಅನ್ನೋರನ್ನು ಹಂಗಾಮಿ ನಿರ್ದೇಶಕ ಮಾಡಿದರು, ಮಾಡಿದ್ದೇ ಬಾಗಿಲು ಹಾಕಿಸಲು. ಮುಂದಿನ ಬಜೆಟ್ಟಿನಲ್ಲಿ ಕಚೇರಿಗೆ ಹಣವನ್ನೇ ಕೇಳಲಿಲ್ಲ. ಹಂಗಾಮಿ ಅಂದರೆ ಸೆನೆಟ್ಟಿಗೆ ಹೆಸರು ಕಳಿಸೋ ತಾಪತ್ರಯವೂ ಇಲ್ಲ ಅನ್ನೋ ಲೆಕ್ಕ. ದೊಡ್ಡ ಮಂತ್ರಿಗಳ ಹೆಸರಿನ ಗದ್ದಲದಲ್ಲಿ ಇದನ್ನು ಎಷ್ಟು ಜನ ನೋಡಿಯಾರು?

ನೋಡಿದರು. ಆ ಕಚೇರಿಯ ನೌಕರರ ಯೂನಿಯನ್, ಬಡವರ ಸಂಘಗಳು ಕೋರ್ಟಿಗೆ ಹೋದವು. ಶಾಸನಸಭೆ ಹಣ ಕೊಟ್ಟ ಕಾರ್ಯಕ್ರಮವನ್ನು ಹೀಗೆ ಮುಚ್ಚಲು ಬರಲ್ಲ ಅಂತ ಏಪ್ರಿಲಿನಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸ್ ಹೇಳಿದರು. ಸೆನೆಟ್ ಸದಸ್ಯರು ಕೆಲವರು ಇನ್ನೊಂದು ದಾವೆ ಹಾಕಿದರು. ಸೆನೆಟ್ ಒಪ್ಪಿಗೆ ಇಲ್ಲದೆ ಫಿಲಿಪ್ಸ್ ಆ ಕುರ್ಚಿಯಲ್ಲಿ ಕೂತದ್ದೇ ಅಕ್ರಮ ಅಂತ ಜೂನಿನಲ್ಲಿ ತೀರ್ಪಾಯಿತು. ಫಿಲಿಪ್ಸ್ ಎದ್ದು ಹೋದರು. ಬಡವರ ವಕೀಲರಿಗಾಗಿ ಪ್ರತ್ಯೇಕ ನಿಗಮ ಮಾಡುವ ಕಾನೂನಿಗೆ 1974ರ ಜುಲೈ 25ರಂದು ನಿಕ್ಸನ್ನೇ ಸಹಿ ಹಾಕಿದರು. ಆಗಸ್ಟ್ 9ಕ್ಕೆ ಅವರದ್ದೇ ರಾಜೀನಾಮೆ.

ಈಗ ಪ್ರಶ್ನೆ ಕೇಳೋರು ಕೇಳಿ. ಊಟದ ಗಂಟೆ ಹೊಡೆಯೋಕೆ ಇನ್ನೂ ಹೊತ್ತಿದೆ.