ಉಪದೇಶಿಯ ಸಂಬಳ ಮೊದಲು

ಹಾರ ಬೇಡ ಅಂದಿದ್ದೆ, ಹಾಕಿದ್ದೀರಿ, ಸಂತೋಷ. ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂತ ಅಧ್ಯಕ್ಷರೆಲ್ಲ ತಮ್ಮ ಶಕ್ತ್ಯನುಸಾರ ದುಡಿದಿದ್ದಾರೆ. ಅವರ ವರದಿಗಳು ಚೆನ್ನಾಗಿ ಬೈಂಡ್ ಆಗಿ ಕಚೇರಿಯ ಬೀರುವಿನಲ್ಲಿವೆ. ಅವರಿಗೆ ವಂದನೆ.

‘ಊರಿನಲ್ಲೂ ಲೋಕದಲ್ಲೂ ಸುವಾರ್ತಾ ಸೇವೆ’ ಎಂಬುದು ನಮ್ಮ ಸಭೆಗಳ ಈ ಸಲದ ಕೂಟದ ವಿಷಯ. ಇಂಥ ಭಾಷಣ 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸರಿಂದ ಹೊರಟು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ಮಾತಾಡಿಸಿ, ‘ಮಂಗಳೂರ ಸಮಾಚಾರ’ ಪತ್ರಿಕೆ, ಹೆಂಚಿನ ಕಾರ್ಖಾನೆ, 1894ರ ಕಿಟೆಲ್ ನಿಘಂಟು ಎಲ್ಲ ದಾಟಿ ಊಟದ ಹೊತ್ತಿಗೆ ಮುಗಿಯುವುದು ವಾಡಿಕೆ. ಅದೆಲ್ಲ ನಿಮಗೆ ಬಾಯಿಪಾಠ. ನನಗೆ ಬೇಕಾದದ್ದು 1914. ಮೊದಲ ಮಹಾಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳನ್ನು ಸರಕಾರ ಹಿಡಿದಿಟ್ಟಿತು, ಆಮೇಲೆ ದೇಶದಿಂದಲೇ ಸಾಗಹಾಕಿತು. ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆಗಳು ಮಾತ್ರ ಉಳಿದವು. ಉಳಿಸಿಕೊಂಡವರು ಇಲ್ಲಿಯ ಪಾಸ್ಟರುಗಳು, ಅವರಿಗಿಂತ ಹೆಚ್ಚಾಗಿ ಹಳ್ಳಿಯ ಉಪದೇಶಿಗಳು. ಅದಕ್ಕೂ ಹಿಂದಿನ ಕಾಲದ ಹೆರ್ಮನ್ ಆನಂದರಾವ್ ಕೌಂಡಿನ್ಯರಂಥ ಒಬ್ಬಿಬ್ಬರ ಹೆಸರು ಪುಸ್ತಕದಲ್ಲಿದೆ. ಉಳಿದವರ ಹೆಸರು ಸಮಾಧಿಯ ಕಲ್ಲಿನ ಮೇಲಾದರೂ ಇದೆಯೋ ಇಲ್ಲವೋ.

ಈಗ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಉಪದೇಶಿಗೆ ತಿಂಗಳ ಸಂಬಳ ತಿಂಗಳಿಗೆ ಸಿಗುತ್ತಿಲ್ಲ. ಮಿಷನ್ ಕಮಿಟಿಯ ಖಜಾಂಚಿಯಾಗಿದ್ದಾಗಿನಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ. ‘ಅವರದ್ದು ಮತ್ತೆ ಅದೇ ರಾಗ’ ಎಂದು ನಕ್ಕವರು ಇಲ್ಲಿಯೂ ಕೂತಿದ್ದಾರೆ. ರಾಗ ಅದೇ, ಯಾಕೆಂದರೆ ಬಾಕಿಯೂ ಅದೇ.

ಪೇಟೆಯ ಸಭೆಯವರಿಗೆ ಗೊತ್ತಿಲ್ಲದಿರಬಹುದು, ಹೇಳುತ್ತೇನೆ. ಒಬ್ಬ ಉಪದೇಶಿಗೆ ನಾಲ್ಕೈದು ಹಳ್ಳಿ. ಭಾನುವಾರ ಬೆಳಿಗ್ಗೆ ಒಂದು ಕಡೆ ಆರಾಧನೆ, ಮಧ್ಯಾಹ್ನ ಇನ್ನೊಂದು ಕಡೆ, ಸಂಜೆ ಯಾರದೋ ಮನೆಯಲ್ಲಿ ಪ್ರಾರ್ಥನೆ. ಹಳೆಯ ಟಿವಿಎಸ್ ಗಾಡಿ, ಪೆಟ್ರೋಲ್ ಅವನದೇ. ಕಾಣಿಕೆ ಚೀಲದಲ್ಲಿ ಬಿದ್ದ ಹತ್ತು ಇಪ್ಪತ್ತರ ನೋಟುಗಳನ್ನು ಹಿರಿಯರ ಎದುರಿಗೆ ಎಣಿಸಿ, ಪುಸ್ತಕದಲ್ಲಿ ಬರೆದು, ಅವರ ಸಹಿ ಹಾಕಿಸಿ, ಸೋಮವಾರ ಕಟ್ಟಬೇಕು. ಆ ಹಳ್ಳಿಗಳು ವರ್ಷಕ್ಕೆ ಇಂತಿಷ್ಟು ಅಸೆಸ್‌ಮೆಂಟ್ ಕಟ್ಟಬೇಕೆಂದು ನಾವು ಗೊತ್ತು ಮಾಡಿದ್ದೇವೆ. ಮಳೆ ಕೈಕೊಟ್ಟ ವರ್ಷ, ಜನ ಗುಳೆ ಹೋದ ವರ್ಷ, ಅಸೆಸ್‌ಮೆಂಟ್ ಬಾಕಿ ಬೀಳುತ್ತದೆ. ಬಾಕಿ ಬಿದ್ದರೆ ಸಂಬಳ ತಡೆ. ಅಂದರೆ ಬರಗಾಲ ಬಂದದ್ದಕ್ಕೆ ದಂಡ ತೆರುವವನು ಉಪದೇಶಿ! ಈ ನಿಯಮ ಬರೆದವರು ಯಾರೆಂದು ಕಡತ ತೆಗೆಸಿ ನೋಡಿದೆ. ಸಹಿ ಇದೆ, ಹೆಸರು ಓದಲಾಗುವುದಿಲ್ಲ.

ಉಪದೇಶಿ ತೀರಿಕೊಂಡರೆ ಅವನ ಹೆಂಡತಿ ಮಕ್ಕಳು ಮಿಷನ್ ಮನೆ ಖಾಲಿ ಮಾಡಬೇಕು. ಪಿಎಫ್ ಇಲ್ಲ. ಹಿಂದುಮುಂದಿಲ್ಲದ ಆ ತಾಯಿಗೆ ಸಮಾಧಾನದ ಪ್ರಾರ್ಥನೆ ಮಾಡಿ ನಾವು ಜೀಪು ಹತ್ತುತ್ತೇವೆ.

ದುಡ್ಡಿಲ್ಲ ಎನ್ನುತ್ತೀರಿ. ಸುಗ್ಗಿ ಹಬ್ಬದ ಹರಾಜನ್ನು ನಾನು ನೋಡಿಲ್ಲವೇ? ಒಂದು ಕುಂಬಳಕಾಯಿಯನ್ನು ಒಬ್ಬರು ಸಾವಿರಕ್ಕೆ ಹಿಡಿದು ವಾಪಸ್ ಸಭೆಗೇ ಕೊಡುತ್ತಾರೆ, ಇನ್ನೊಬ್ಬರು ಎರಡು ಸಾವಿರಕ್ಕೆ ಕೂಗುತ್ತಾರೆ, ಸಂಜೆಯಾದರೂ ಆ ಕಾಯಿ ಯಾರ ಮನೆಗೂ ಹೋಗಿರುವುದಿಲ್ಲ. ಕೂಗುವಾಗ ‘ಮಿಷನ್ ಕೆಲಸಕ್ಕೆ, ಮಿಷನ್ ಕೆಲಸಕ್ಕೆ’ ಎಂದೇ ಕೂಗುವುದು. ಆ ಹಣದಲ್ಲಿ ಪೋರ್ಟಿಕೋಗೆ ಗ್ರಾನೈಟ್ ಬೀಳುತ್ತದೆ. ಇನ್ನು ‘ವಿದೇಶಿ ದೇಣಿಗೆಯ ಕಾಯ್ದೆ, ಎಫ್‌ಸಿಆರ್‌ಎ, ಬಿಗಿಯಾಗಿದೆ’ ಎಂಬುದು ಹೊಸ ನೆಪ. 2020ರ ತಿದ್ದುಪಡಿ ಬಿಗಿಯಾದದ್ದೇ: ಹೊರಗಿನ ದೇಣಿಗೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚು ಶೇ 20 ಮೀರುವಂತಿಲ್ಲ. ಆದರೆ ನಮ್ಮ ಕುಂಬಳಕಾಯಿ ಯಾವ ವಿದೇಶದಿಂದ ಬಂತು?

ಹಳೆಯ ಗಾಯವೊಂದನ್ನೂ ಕೆದಕಿಬಿಡುತ್ತೇನೆ. ಉಪದೇಶಿಗಳಿಗೆ ತರಬೇತಿ ಕೊಡುತ್ತಿದ್ದ ಒಂದು ಮಿಷನ್ ಕಾಂಪೌಂಡಿನಲ್ಲಿ ಈಗ ಮದುವೆ ಹಾಲ್ ಇದೆ. ಊರಿನ ಹೆಸರು ಬೇಡ, ನಿಮಗೆಲ್ಲ ಗೊತ್ತು. ಅದರ ಬಾಡಿಗೆಯಿಂದ ತರಬೇತಿ ನಡೆಸುತ್ತೇವೆ ಎಂದು ಮಾತು ಕೊಟ್ಟೇ ಕಟ್ಟಿದ್ದು. ನಾನು ವಿರೋಧಿಸಿದಾಗ ಅಭಿವೃದ್ಧಿಗೆ ಅಡ್ಡಗಾಲು ಎಂದರು. ಬಾಡಿಗೆಯ ಲೆಕ್ಕವನ್ನು ಇವತ್ತಿಗೂ ಕೇಳುತ್ತಿದ್ದೇನೆ. ಸಿಕ್ಕಿರುವುದು ಮದುವೆಯ ಆಮಂತ್ರಣ ಪತ್ರಿಕೆಗಳು.

ಇನ್ನು ಕಾನೂನಿನ ಮಾತು. ನಮ್ಮ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ಮತಾಂತರಕ್ಕೆ ಮೂವತ್ತು ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿದೆ, ಜೈಲು ಶಿಕ್ಷೆಯೂ ಇದೆ. ಅದನ್ನು ರದ್ದು ಮಾಡಲು ಸಚಿವ ಸಂಪುಟ ತೀರ್ಮಾನಿಸಿದ್ದು 2023ರ ಜೂನ್‌ನಲ್ಲಿ. ಕಾಯ್ದೆಯ ವಿರುದ್ಧ ನಗರದಲ್ಲಿ ಮೊಂಬತ್ತಿ ಹಿಡಿದು ನಿಂತೆವು, ಒಳ್ಳೆಯದೇ. ಆದರೆ ಯಾರದೋ ಮನೆಯಲ್ಲಿ ಜ್ವರದ ಮಗುವಿಗೆ ಪ್ರಾರ್ಥನೆ ಮಾಡಿದ್ದಕ್ಕೆ ಠಾಣೆಗೆ ಕರೆಸಿದಾಗ ಹೋಗಿ ಬೆಂಚಿನ ಮೇಲೆ ಕೂರುವವನು ಉಪದೇಶಿ. ಅವನ ಕೈಯಲ್ಲಿ ನಮ್ಮದೊಂದು ಗುರುತಿನ ಚೀಟಿ ಇಲ್ಲ, ಫೋನ್ ಮಾಡಲು ಒಬ್ಬ ವಕೀಲರ ನಂಬರಿಲ್ಲ.

ಲೋಕದ ಸೇವೆಯ ಬಗ್ಗೆಯೂ ಹೇಳಬೇಕಲ್ಲ. 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ನಮ್ಮ ದೇಶದ ವಿ.ಎಸ್. ಅಜರಯ್ಯ ಅವರು ಬಿಳಿಯ ಮಿಷನರಿಗಳ ಮುಖಕ್ಕೇ, ನಿಮ್ಮ ತ್ಯಾಗವೆಲ್ಲ ಸರಿ, ನಮಗೆ ಸ್ನೇಹಿತರು ಬೇಕು ಎಂಬರ್ಥದ ಮಾತು ಆಡಿದರು. ಅದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಇವತ್ತು ನಮ್ಮ ಉಪದೇಶಿ ಅದೇ ಮಾತನ್ನು ನಮಗೆ ಹೇಳಿದರೆ ಅಶಿಸ್ತು ಎಂದು ನೋಟಿಸ್ ಕೊಡುತ್ತೇವೆ. ಅದೇ 1910ರ ಸುಮಾರಿಗೆ ಮಿಜೋ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡತೊಡಗಿದರು. ಆ ಹಿಡಿ ಅಕ್ಕಿಯ ದುಡ್ಡಿನಲ್ಲಿ ಮಿಜೋರಾಂನ ಸಭೆ ತನ್ನ ಮಿಷನರಿಗಳನ್ನು ಹೊರಗೆ ಕಳಿಸುತ್ತಿದೆ. ನಾವು ಕಳಿಸುವುದು ಪವಿತ್ರ ನಾಡಿನ ಪ್ರವಾಸಕ್ಕೆ ಬಸ್ ತುಂಬ ಜನರನ್ನು. ಬೆಂಗಳೂರಿನ ವೈಟ್‌ಫೀಲ್ಡಿನ ಆಚೆ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದ ನಮ್ಮದೇ ಜನ ಇದ್ದಾರೆ. ಅವರ ಬಳಿಗೆ ಹೋಗಲು ಪಾಸ್‌ಪೋರ್ಟ್ ಬೇಡ.

ನನ್ನ ಸಲಹೆಗಳು ಇವು. ಸಂಬಳವನ್ನು ಅಸೆಸ್‌ಮೆಂಟಿನಿಂದ ಪೂರ್ತಿ ಬಿಡಿಸಿ, ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಉಪದೇಶಿಯ ಖಾತೆಗೇ ಹಾಕಬೇಕು. ಅದು ಜಮೆಯಾಗುವ ತನಕ ಪದಾಧಿಕಾರಿಗಳ ಪ್ರಯಾಣ ಭತ್ಯೆಯನ್ನು, ನನ್ನದನ್ನೂ ಸೇರಿಸಿ, ತಡೆಯಬೇಕು. ಪಿಎಫ್ ಕಟ್ಟಬೇಕು. ಸುಗ್ಗಿ ಹರಾಜಿನ ಅರ್ಧ ಹಣ ಇದಕ್ಕೆ ಮೀಸಲು. ಲೆಕ್ಕವನ್ನು ದೇವಾಲಯದ ಬಾಗಿಲಿಗೆ ಅಂಟಿಸಬೇಕು. ಉಪದೇಶಿಯ ವಿಧವೆಗೆ ಒಂದು ವರ್ಷ ಮನೆ ಬಿಡಿ ಎನ್ನಬಾರದು. ಮದುವೆ ಹಾಲ್ ಮತ್ತೆ ತರಬೇತಿ ಶಾಲೆಯಾಗಲಿ ಎಂಬ ಆಸೆಯೂ ಇದೆ, ಆಗಲಿಕ್ಕಿಲ್ಲ, ಗೊತ್ತು. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಮಕ್ಕಳೆಲ್ಲ ಸೇರಿ ಒಬ್ಬ ಕನ್ನಡದ ಉಪದೇಶಿಯನ್ನು ಆಫ್ರಿಕಾಕ್ಕೆ ಕಳಿಸಿದರೆ ಎಂಬ ಕನಸೂ ಇದೆ. ಅವನಿಗೂ ತಿಂಗಳ 5ಕ್ಕೇ ಸಂಬಳ ಹೋಗಬೇಕು.

ಸಂಬಳದ ಠರಾವಿನ ಪ್ರತಿ ನಿಮ್ಮ ಫೈಲಿನಲ್ಲಿದೆ. ಹೋದ ಸಲ ಇದನ್ನು ಉಪಸಮಿತಿಗೆ ತಳ್ಳಿದರು, ಆ ಉಪಸಮಿತಿ ಸೇರಲೇ ಇಲ್ಲ. ಈ ಸಲ ಊಟಕ್ಕೆ ಮುಂಚೆಯೇ ಮತಕ್ಕೆ ಹಾಕುತ್ತೇನೆ. ಕೈ ಎತ್ತಿದವರ, ಎತ್ತದವರ ಹೆಸರನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ.