ಮಾಗಡಿ ಕೆರೆಯ ಹೆಬ್ಬಾತುಗಳು ಮತ್ತು ಸುತ್ತಲಿನ ಹೊಲಗಳು



ಹಿಂಗಾರಿ ಪೈರು ಹೊಲದಲ್ಲಿ ನಿಂತು ಚಳಿ ಬೀಳತೊಡಗಿದಾಗ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ದೂರದ ಅತಿಥಿಗಳು ಬಂದಿಳಿಯುತ್ತವೆ. ಅವುಗಳನ್ನು ನೋಡಲು ಪಟ್ಟಣಗಳಿಂದ ಬರುವವರು ಹೆಚ್ಚಾಗಿ ಕೆರೆಯ ನೀರನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ಬೇಸಾಯಗಾರನಾದವನು ಅಲ್ಲಿಗೆ ಹೋದಾಗ ಸುತ್ತಲಿನ ಹೊಲಗಳನ್ನೂ ನೋಡಬೇಕು. ಈ ಪಕ್ಷಿಗಳಿಗೆ ಕೆರೆಯು ವಿಶ್ರಾಂತಿಯ ತಾಣ. ಮೇವಿನ ತಾಣ ರೈತನ ಹೊಲ.

ಮಾಗಡಿ ಕೆರೆಯನ್ನು ಕಟ್ಟಿದ್ದು ಪಕ್ಷಿಗಳಿಗಾಗಿ ಅಲ್ಲ, ಮಳೆನೀರು ಹಿಡಿದು ಭೂಮಿಗೆ ಉಣಿಸುವುದಕ್ಕಾಗಿ. ಇದರ ವಿಸ್ತೀರ್ಣ ಸುಮಾರು 50 ಹೆಕ್ಟೇರು. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಪಕ್ಷಿಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ 130 ಜಾತಿಗಳು ವಲಸೆ ಬರುವಂಥವು. 2024ರ ಜನವರಿಯಲ್ಲಿ ಈ ಕೆರೆಯು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ಜೊತೆಯಲ್ಲೇ ರಾಜ್ಯದ ಅಂಕಸಮುದ್ರವೂ ಅಘನಾಶಿನಿ ಅಳಿವೆಯೂ ಸೇರಿದವು.

ಮಾಗಡಿಯ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಛಾಯೆಯ ಕೊಕ್ಕು ಮತ್ತು ಕಾಲು. ತೂಕ ಎರಡರಿಂದ ಮೂರು ಕಿಲೋ. ಮಂಗೋಲಿಯಾ, ಟಿಬೆಟ್ ಮುಂತಾದ ಎತ್ತರದ ನಾಡಿನ ಸರೋವರಗಳ ಬಳಿ ಇವು ಮರಿ ಮಾಡುತ್ತವೆ. ಅಲ್ಲಿ ಹಿಮ ಬಿದ್ದು ಹುಲ್ಲು ಮುಚ್ಚಿದಾಗ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ಹೀಗೆ ದಾಟುವಾಗ 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ಉಪಕರಣಗಳಿಂದ ದಾಖಲಾಗಿದೆ. ಆಮ್ಲಜನಕ ಕಡಿಮೆ ಇರುವ ಗಾಳಿಯಿಂದಲೂ ಅದನ್ನು ಚೆನ್ನಾಗಿ ಹೀರಿಕೊಳ್ಳುವ ಗುಣ ಇವುಗಳ ರಕ್ತಕ್ಕಿದೆ. ಪ್ರತಿ ಚಳಿಗಾಲದಲ್ಲಿ ಸುಮಾರು 8,000 ಹೆಬ್ಬಾತುಗಳು ಮಾಗಡಿಗೆ ಬರುತ್ತವೆಂದು ಅಂದಾಜು.

ಇವು ಮೀನನ್ನು ಅರಸಿ ಬರುವ ಪಕ್ಷಿಗಳಲ್ಲ. ದನಗಳಂತೆ ಮೇಯುವುದು ಇವುಗಳ ಸ್ವಭಾವ. ಹುಲ್ಲು, ಗೋಧಿ ಮತ್ತು ಕಡಲೆಯ ಎಳೆ ಪೈರು, ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ಇವುಗಳ ಆಹಾರ. ಹಗಲು ಕೆರೆಯಲ್ಲಿ ತಂಗಿ, ಸಂಜೆ ಹಾಗೂ ರಾತ್ರಿಯ ವೇಳೆ ಹೊಲಗಳಿಗೆ ಹೋಗಿ ಬರುತ್ತವೆ. ಕೆರೆಯ ಕೀರ್ತಿ ಇಡೀ ನಾಡಿಗೆ ಸಲ್ಲುತ್ತದೆ, ಮೇಯಿಸುವ ಹೊರೆ ಮಾತ್ರ ಕೆರೆಗೆ ಹತ್ತಿದ ಹೊಲದ ಕೆಲವೇ ರೈತರ ಮೇಲೆ ಬೀಳುತ್ತದೆ. ಪಕ್ಷಿಗಳ ಉಳಿವು ಈ ರೈತರ ಸಹನೆಯನ್ನೇ ಅವಲಂಬಿಸಿದೆ. ಆದ್ದರಿಂದ ನಷ್ಟವನ್ನು ತಗ್ಗಿಸುವ ಉಪಾಯಗಳನ್ನು ಅವರಿಗೆ ತಲುಪಿಸುವುದು ವಿಸ್ತರಣಾ ಕಾರ್ಯಕರ್ತರ ಕರ್ತವ್ಯ.

ಮೊದಲನೆಯದು ಸಕಾಲದ ಬಿತ್ತನೆ. ಹೆಬ್ಬಾತುಗಳು ಬರುವುದು ನವೆಂಬರ್ ಸುಮಾರಿಗೆ. ಅಕ್ಟೋಬರ್ ಮೊದಲ ವಾರದೊಳಗೆ ಬಿತ್ತಿದ ಕಡಲೆ ಆ ಹೊತ್ತಿಗೆ ತಿಂಗಳ ಪೈರಾಗಿ ಬೇರು ಬಿಟ್ಟಿರುತ್ತದೆ. ರೈತರು ಕಡಲೆಯ ಕುಡಿ ಚಿವುಟಿ ಪಲ್ಯಕ್ಕೆ ಬಳಸುವುದುಂಟು. ಚಿವುಟಿದ ಗಿಡ ಮತ್ತೆ ಕವಲೊಡೆಯುತ್ತದೆ. ಆದರೆ ತಡವಾಗಿ ಬಿತ್ತಿದ ಮೊಳಕೆ ಬೇರುಸಹಿತ ಕಿತ್ತುಬಂದರೆ ಅದು ಪೂರ್ಣ ನಷ್ಟ. ಗೋಧಿಯಲ್ಲಿ ಕಾಂಡ ಮೇಲೇಳುವ ಮೊದಲು ಬೆಳೆಯುವ ತುದಿ ನೆಲಮಟ್ಟದಲ್ಲೇ ಅಡಗಿರುತ್ತದೆ. ಆಗ ಎಲೆ ಮಾತ್ರ ಮೇಯ್ದಿದ್ದರೆ, ತೇವವಿದ್ದಲ್ಲಿ ಪೈರು ಚೇತರಿಸಿಕೊಳ್ಳುತ್ತದೆ. ಮಳೆಯಾಶ್ರಿತ ಎರೆ ಭೂಮಿಯಲ್ಲಿ ತೇವ ಇಳಿಯುತ್ತಿದ್ದರೆ ಚೇತರಿಕೆ ಕಡಿಮೆ.

ಎರಡನೆಯದು ಉಳಿಕೆಯ ಹೊಲ. ಶೇಂಗಾ ಕಿತ್ತ ಹೊಲವನ್ನು, ಮುಂದಿನ ಬೆಳೆ ಇಲ್ಲದಿದ್ದರೆ, ಕೂಡಲೇ ಹರಗಬಾರದು. ಅಲ್ಲಿ ಉಳಿದ ಕಾಯಿ ಮತ್ತು ಹುಲ್ಲು ಹೆಬ್ಬಾತುಗಳನ್ನು ಎಳೆ ಪೈರಿನಿಂದ ದೂರವಿಡುವ ಸಂಭವವಿದೆ. ಎಳೆ ಪೈರಿನ ಹೊಲದಲ್ಲಿ ಆಳು ತಿರುಗಾಡಿದರೆ ಅವು ಏಳುತ್ತವೆ. ಕೆರೆಯ ಬಳಿ ಪಟಾಕಿ ಸಿಡಿಸುವುದು ಬೇಡ.

ಮೂರನೆಯದು ವಿಷದ ವಿಚಾರ. ಹರಳು ರೂಪದ ಕೀಟನಾಶಕವನ್ನೂ ವಿಷೋಪಚಾರ ಮಾಡಿದ ಬೀಜವನ್ನೂ ಮಣ್ಣಿನ ಮೇಲೆ ಬಿಡಬಾರದು. ಪಕ್ಷಿಗಳು ಅದನ್ನು ಕಾಳೆಂದು ನುಂಗುತ್ತವೆ. ಫೋರೇಟ್ ಹರಳಿನ ಬಳಕೆಯನ್ನು 2020ರ ಡಿಸೆಂಬರ್ 31ರಿಂದ ಸರ್ಕಾರ ನಿಷೇಧಿಸಿದೆ. ಸಿಂಪರಣಾ ಯಂತ್ರವನ್ನು ಕೆರೆಯಲ್ಲಾಗಲಿ ಕೆರೆಗೆ ಹರಿಯುವ ಹಳ್ಳದಲ್ಲಾಗಲಿ ತೊಳೆಯಕೂಡದು. ಬದುವಿನ ಮೇಲೆ ಹುಲ್ಲು ಬೆಳೆಸಿದರೆ ಹರಿದು ಬರುವ ಮಣ್ಣು ತಡೆಯುತ್ತದೆ, ಹೂಳೂ ಕಡಿಮೆಯಾಗುತ್ತದೆ.

ಹೂಳೆತ್ತುವಾಗಲೂ ಎಚ್ಚರ ಬೇಕು. ಕೆರೆ ಮಣ್ಣು ಹೊಲಕ್ಕೆ ಒಳ್ಳೆಯದು ನಿಜ. ಆದರೆ ಇದು ರಕ್ಷಿತ ಕೆರೆಯಾದ್ದರಿಂದ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಪಕ್ಷಿಗಳು ತೆರಳಿದ ಮೇಲೆ ಬೇಸಿಗೆಯಲ್ಲಿ ಎತ್ತಬೇಕು. ಅಂಚುಗಳನ್ನು ಕಡಿದಾಗಿ ಅಗೆದರೆ ಕಾಲೂರಿ ನಿಲ್ಲುವ ಪಕ್ಷಿಗಳಿಗೆ ತೆಳುನೀರು ಉಳಿಯುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ. 2020ರ ಕೊನೆಯಲ್ಲಿ ಹಿಮಾಚಲ ಪ್ರದೇಶದ ಪಾಂಗ್ ಜಲಾಶಯದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು, ಆ ಚಳಿಗಾಲದಲ್ಲಿ ಸಾವಿರಾರು ವಲಸೆ ಪಕ್ಷಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ಕೆರೆಯಲ್ಲಿ ಸತ್ತ ಪಕ್ಷಿ ಕಂಡರೆ ಕೈಯಿಂದ ಮುಟ್ಟದೆ ಪಶುವೈದ್ಯರಿಗೆ ಮತ್ತು ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಸಾಕಿದ ಕೋಳಿಗಳನ್ನು ಕೆರೆಯ ಅಂಚಿಗೆ ಬಿಡಬಾರದು.

ಮಾಗಡಿಯು ಗದಗದಿಂದ ಸುಮಾರು 26 ಕಿ.ಮೀ., ಶಿರಹಟ್ಟಿಯಿಂದ 8 ಕಿ.ಮೀ. ದೂರದಲ್ಲಿದೆ. ಡಿಸೆಂಬರ್, ಜನವರಿ ತಿಂಗಳುಗಳು ಭೇಟಿಗೆ ಸೂಕ್ತ. ಬೆಳಗಿನ ಹೊತ್ತು, ಸದ್ದಿಲ್ಲದೆ, ದೂರದಿಂದ ನೋಡಬೇಕು. ಮಂಗೋಲಿಯಾದಲ್ಲಿ ಕೊರಳಿಗೆ ಸಂಖ್ಯೆಯ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡದ್ದುಂಟು. ಅಂಥದು ಕಂಡರೆ ಬಣ್ಣ ಮತ್ತು ಸಂಖ್ಯೆಯನ್ನು ಬರೆದುಕೊಂಡು ಅರಣ್ಯ ಸಿಬ್ಬಂದಿಗೆ ಕೊಡಬೇಕು. ರೈತ ಸಂಘದವರು, ಯುವಕ ಮಂಡಲದವರು ಭೇಟಿಗೆ ಹೋದಾಗ ಕೆರೆಯ ಪಕ್ಕದ ಹೊಲದವರನ್ನು ಮಾತನಾಡಿಸದೆ ಬರಬಾರದು. ಆ ಹೆಬ್ಬಾತುಗಳನ್ನು ಸಾಕುತ್ತಿರುವವರು ಅವರೇ.