ಮೂರಿಂಚಿನ ಮೀನು ಎರಡಡಿಯಾದಾಗ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಮನುವಿನ ಕಥೆ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಕೈ ತೊಳೆಯಲು ತಂದ ನೀರಿನಲ್ಲಿ ಒಂದು ಪುಟ್ಟ ಮೀನು. ದೊಡ್ಡ ಮೀನುಗಳು ನುಂಗಿಬಿಡುತ್ತವೆ, ಕಾಪಾಡು ಅಂತ ಬೇಡಿಕೊಂಡಿತಂತೆ. ಮನು ಅದನ್ನು ಗಡಿಗೆಯಲ್ಲಿಟ್ಟ. ಗಡಿಗೆ ಸಾಲದಾಯಿತು, ಹೊಂಡ ತೋಡಿ ಬಿಟ್ಟ. ಹೊಂಡವೂ ಸಾಲದಾಯಿತು. ಕೊನೆಗೆ ಸಮುದ್ರವೇ ಬೇಕಾಯಿತು. ನಾವು ಚಿಕ್ಕವರಿದ್ದಾಗ ಇದನ್ನು ಮತ್ಸ್ಯಾವತಾರದ ಕಥೆ ಅಂತ ಕೇಳಿದ್ದೆವು. ಈಗ ಮನೆಯಲ್ಲಿ ಅಕ್ವೇರಿಯಂ ಇಟ್ಟವರನ್ನು ಕೇಳಿ ನೋಡಿ, ಇದು ಪುರಾಣ ಅಂತ ಅವರು ಒಪ್ಪುವುದೇ ಇಲ್ಲ. "ನಮ್ಮ ಮನೆಯಲ್ಲಿ ನಡೀತಿರೋದೇ ಇದು" ಅಂತಾರೆ!

ಈ ಮಾತು ಯಾಕೆ ಬಂತು ಅಂದರೆ, ದೌಂಡಿನಿಂದ ಒಂದು ಫೋನ್ ಬಂದಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ನಮಗೆಲ್ಲ ದೌಂಡ ಅಂದರೆ ಪ್ಲಾಟ್‌ಫಾರ್ಮು, ಚಹಾ, ವಡಾಪಾವ್. ಆದರೆ ಅಲ್ಲಿ ರೈಲ್ವೆ ನೌಕರಿಯ ಮೇಲೆ ಬಂದು ನೆಲೆಸಿದ ಕಲಬುರಗಿ, ಸೊಲ್ಲಾಪುರ ಕಡೆಯ ಕನ್ನಡ ಮನೆಗಳೂ ಇವೆ. ಫೋನ್ ಮಾಡಿದವರು ಅಂಥ ಒಂದು ಮನೆಯ ತಾಯಿ. "ನಮ್ಮ ಮನ್ಯಾಗ ಒಂದು ಮೀನ ಅದ ರೀ. ನಮಗಿಂತಾ ಅದಕ್ಕ ಜಾಗಾ ಜಾಸ್ತಿ ಬೇಕಾಗೇದ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ವಿಷಯ ಏನೆಂದರೆ, ಮಗನ ಹುಟ್ಟುಹಬ್ಬಕ್ಕೆ ಪುಣೆಯ ಒಂದು ಅಂಗಡಿಯಲ್ಲಿ ಮೂರಿಂಚಿನ ಮೀನು ಕೊಂಡಿದ್ದರು. ಕಪ್ಪು ಬೆನ್ನು, ಬಿಳಿ ಪಟ್ಟೆ, ಕೆಂಪು ಬಾಲ, ಉದ್ದನೆಯ ಮೀಸೆ. ನೋಡಲು ಬಲು ಮುದ್ದು. ಹೆಸರು ರೆಡ್‌ಟೇಲ್ ಕ್ಯಾಟ್‌ಫಿಶ್. ಒಂದೂವರೆ ವರ್ಷದಲ್ಲಿ ಅದು ಎರಡಡಿಯ ಹತ್ತಿರ ಬಂದಿದೆ. ತೊಟ್ಟಿ ಇರುವುದು ಮೂರಡಿ. ಜತೆಗಿದ್ದ ಏಂಜಲ್, ಗೋಲ್ಡ್‌ಫಿಶ್ ಎಲ್ಲ ಅದರ ಹೊಟ್ಟೆ ಸೇರಿವೆ. ಈಗ ಯಜಮಾನರಿಗೆ ವಾಡಿಗೆ ವರ್ಗವಾಗಿದೆ. ಅಂಗಡಿಯವರನ್ನು ಕೇಳಿದರೆ, ಮರಿ ಮಾರಾಟ ಆಗುತ್ತದೆ, ದೊಡ್ಡದನ್ನು ಯಾರೂ ಕೊಳ್ಳುವುದಿಲ್ಲ ಅಂದರಂತೆ. ಹನ್ನೊಂದು ವರ್ಷದ ಮಗ ಒಂದು ಉಪಾಯ ಹೇಳಿದ್ದಾನೆ: "ಇಲ್ಲೇ ಭೀಮಾ ಹೊಳಿಗಿ ಬಿಡೋಣ. ಅದು ತಾನಾಗೇ ಈಸಿಕೋತ ನಮ್ಮ ಗಾಣಗಾಪುರಕ್ಕ ಬರ್ತದ."

ಹುಡುಗನ ಭೂಗೋಳ ಸರಿಯಾಗಿದೆ, ಮೆಚ್ಚಬೇಕು. ಭೀಮಾಶಂಕರದಲ್ಲಿ ಹುಟ್ಟಿದ ನದಿ ದೌಂಡ ದಾಟಿ, ಉಜನಿ ಜಲಾಶಯ ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆ ಅನಿಸಿಕೊಂಡು, ನಮ್ಮ ಅಫಜಲಪುರ, ಗಾಣಗಾಪುರ ಮುಟ್ಟಿ, ಒಟ್ಟು 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆ ಸೇರುತ್ತದೆ. ಉಪಾಯ ಮಾತ್ರ ಬೇಡ ಅಂದೆ. ಯಾಕೆ ಬೇಡ ಅನ್ನುವುದನ್ನು ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಇಂಥ ಮೀನು ನಿಮ್ಮಲ್ಲೂ ಅನೇಕರ ಮನೆಯಲ್ಲಿ ಇರಬಹುದು, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಈ ಮೀನುಗಳ ಕುಲಗೋತ್ರ ನೋಡೋಣ. ರೆಡ್‌ಟೇಲ್ ಅಮೆಜಾನ್ ನದಿಯದು. ಮೂರು-ನಾಲ್ಕು ಅಡಿ ಬೆಳೆಯುವುದು ಅದರ ಸಹಜ ಧರ್ಮ. ವಾಸ್ತುವಿನ ಹೆಸರಿನಲ್ಲಿ ನಾವು ಹಾಲಿಗೆ ತರುವ ಬೆಳ್ಳಿ ಬಣ್ಣದ ಅರೋವಾನಾ ಕೂಡ ಅಲ್ಲಿಯದೇ. ಅದು ನೀರಿನಿಂದ ಮೇಲಕ್ಕೆ ಜಿಗಿದು ಕೊಂಬೆಯ ಮೇಲಿನ ಹುಳು ಹಿಡಿಯುವ ಮೀನು. ಹಾಗಾಗಿ ತೊಟ್ಟಿಗೆ ಭಾರದ ಮುಚ್ಚಳ ಇಲ್ಲದಿದ್ದರೆ ಬೆಳಿಗ್ಗೆ ಎದ್ದಾಗ ಅದೃಷ್ಟದ ಮೀನು ಸೋಫಾದ ಕೆಳಗೆ ಒಣಗಿ ಬಿದ್ದಿರುತ್ತದೆ. ಕೆಂಪು, ಚಿನ್ನದ ಬಣ್ಣದ ಏಷ್ಯಾದ ಅರೋವಾನಾ ಬೇರೆ ಜಾತಿ. ಅದು ಅಳಿವಿನಂಚಿನದು, ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಟ್ಟುಪಾಡಿದೆ. 2024ರ ನಿಯಮದ ಪ್ರಕಾರ ಅಂಥ ಪ್ರಾಣಿ ಸಾಕುವವರು ಸರಕಾರದಲ್ಲಿ ನೋಂದಾಯಿಸಬೇಕು. ಅರಪೈಮಾ ಎರಡು ಮೀಟರ್ ದಾಟುತ್ತದೆ. ಮೊಸಳೆ ಮೂತಿಯ ಅಲಿಗೇಟರ್ ಗಾರ್ ಉತ್ತರ ಅಮೆರಿಕದ್ದು, ಅದೂ ಆರಡಿ ಮೀರುತ್ತದೆ. ಇವೆಲ್ಲ ಅಂಗಡಿಯಲ್ಲಿ ಬೆರಳುದ್ದ ಇರುತ್ತವೆ. ಮುಂಬೈಯ ಕುರ್ಲಾ, ಕ್ರಾಫರ್ಡ್ ಮಾರ್ಕೆಟ್ ಕಡೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವಾಗ ಅದರ ಮೇಲೆ "ಪೂರ್ಣ ಬೆಳೆದಾಗ ಆರಡಿ" ಅಂತ ಯಾರೂ ಬರೆದಿರುವುದಿಲ್ಲವಲ್ಲ!

"ತೊಟ್ಟಿ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯುತ್ತೆ" ಅಂತ ಒಂದು ಮಾತು ಓಡಾಡುತ್ತದೆ. ಇದನ್ನು ನಂಬಬೇಡಿ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ವಿಷ. ಮೂರನೆಯದು ಅಷ್ಟು ಕೆಟ್ಟದ್ದಲ್ಲ, ಆದರೆ ನೀರು ಬದಲಿಸದಿದ್ದರೆ ಕೂಡುತ್ತಾ ಹೋಗುತ್ತದೆ. ಚಿಕ್ಕ ತೊಟ್ಟಿಯಲ್ಲಿ ದೊಡ್ಡ ಮೀನಿಟ್ಟರೆ ಅದು ತನ್ನದೇ ಹೊಲಸಿನಲ್ಲಿ ಉಸಿರಾಡಬೇಕು. ಬೆಳವಣಿಗೆ ಕುಂಠಿತವಾಗುತ್ತದೆ, ಬೆನ್ನುಮೂಳೆ ಬಾಗುತ್ತದೆ, ಬೇಗ ಸಾಯುತ್ತದೆ. ಬೆಳೆಯಲಿಲ್ಲ ಅಂತ ನಾವು ಖುಷಿಪಡುತ್ತಿರುತ್ತೇವೆ.

ಸರಿ, ದೊಡ್ಡ ತೊಟ್ಟಿಯನ್ನೇ ತರೋಣ ಅಂದಿರಾ? ಲೆಕ್ಕ ಹಾಕಿ. ದೌಂಡಿನ ಆ ಮನೆಯ ತೊಟ್ಟಿ ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 125 ಲೀಟರ್. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ್ದಾದರೆ 680 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ. ಗಾಜು, ಕಬ್ಬಿಣದ ಸ್ಟ್ಯಾಂಡು, ಕಲ್ಲು ಸೇರಿ 800 ಕಿಲೋ ದಾಟುತ್ತದೆ. ಬಾಡಿಗೆ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಇದನ್ನಿಡುವ ಮುಂಚೆ ಮನೆ ಮಾಲೀಕರ ಮುಖ ನೆನೆಸಿಕೊಳ್ಳಿ. ಇಷ್ಟಾದರೂ ಇದು ರೆಡ್‌ಟೇಲ್‌ಗೆ ಸಾಲದು. ಅದಕ್ಕೆ ಬೇಕಾದ್ದು ಕೋಣೆಯಷ್ಟು ಕೊಳ.

ಇನ್ನು ಹೊಳೆಗೆ ಬಿಡುವ ಮಾತು.

ಒಂದು ಮೀನು ಬಿಟ್ಟರೆ ಏನಾದೀತು? ಒಂಟಿ ಮೀನು ಮರಿ ಹಾಕುವುದಿಲ್ಲ, ನಿಜ. ಆದರೆ ಅದು ಎಷ್ಟೋ ವರ್ಷ ಬದುಕುತ್ತದೆ, ದಿನವೂ ತಿನ್ನುತ್ತದೆ, ತೊಟ್ಟಿಯ ರೋಗಗಳನ್ನೂ ಹೊತ್ತುಕೊಂಡೇ ಹೋಗುತ್ತದೆ. ಮೇಲಾಗಿ "ಒಂದೇ ತಾನೇ" ಅಂದುಕೊಂಡವರು ನೀವೊಬ್ಬರೇ ಅಲ್ಲ. ಉಜನಿಯಲ್ಲಿ ಆಗಿದ್ದನ್ನೇ ನೋಡಿ. 1980ರಲ್ಲಿ ಮುಗಿದ ಈ ಅಣೆಕಟ್ಟಿನ ಹಿನ್ನೀರು ದೌಂಡ, ಇಂದಾಪುರ ಕಡೆಯವರೆಗೂ ಚಾಚಿದೆ. ಭಿಗವಣದಲ್ಲಿ ಚಳಿಗಾಲಕ್ಕೆ ಫ್ಲೆಮಿಂಗೋ ನೋಡಲು ಹೋಗಿ, ಬರುವಾಗ ಮೀನೂಟ ಮಾಡಿ ಬಂದವರು ನಿಮ್ಮಲ್ಲಿ ಇದ್ದೀರಿ. ಆ ನೀರಿನಲ್ಲಿ ಈಗ ಸಕರ್ ಮೀನು ತುಂಬಿಕೊಂಡಿದೆ. ಅದೇ, ತೊಟ್ಟಿಯ ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುತ್ತದೆ ಅಂತ "ಟ್ಯಾಂಕ್ ಕ್ಲೀನರ್" ಹೆಸರಿನಲ್ಲಿ ನಾವೆಲ್ಲ ಕೊಂಡು ತರುವ ಕಪ್ಪು ಮೀನು. ದಕ್ಷಿಣ ಅಮೆರಿಕದ್ದು.

ಇದು ಬೇಟೆಗಾರ ಮೀನೂ ಅಲ್ಲ, ಆದರೂ ಕೊಟ್ಟಿರುವ ತೊಂದರೆ ನೋಡಿ. ಮೈ ಮೇಲೆ ಎಲುಬಿನ ಕವಚ, ಮುಳ್ಳು. ಬಲೆಗೆ ಸಿಕ್ಕರೆ ಬಲೆಯೇ ಹರಿಯುತ್ತದೆ. ತಿನ್ನೋಣ ಎಂದರೆ ಮಾಂಸವಿಲ್ಲ, ಮಾರೋಣ ಎಂದರೆ ಗಿರಾಕಿಯಿಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಲ್ಲೇ ಉಸಿರಾಡುತ್ತದೆ. ಹಾಗಾಗಿ ಪುಣೆಯ ಕೊಳಕನ್ನೆಲ್ಲ ಹೊತ್ತು ತರುವ ಮುಳಾ-ಮುಠಾ ನೀರೂ ಅದಕ್ಕೆ ನಡೆಯುತ್ತದೆ. ದಂಡೆಯ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ, ಗಂಡು ಕಾವಲು ಕೂರುತ್ತದೆ. ಬೆಳಗಿನ ಜಾವ ಬಲೆ ಎಳೆದ ಮೀನುಗಾರನಿಗೆ ಕಟ್ಲಾ, ರೋಹು ಬದಲು ಇದು ಸಿಕ್ಕರೆ ಆ ದಿನದ ದುಡಿಮೆ ಹೋಯಿತು, ಬಲೆ ಹೊಲಿಯುವ ಖರ್ಚು ಬೇರೆ. ಯಾವುದೋ ಹಾಲಿನಲ್ಲಿ ಕುಳಿತ ನಮ್ಮ ಶೋಕಿಗೆ ದಂಡ ಕಟ್ಟುತ್ತಿರುವವನು ಅವನು. ನನಗೆ ಇದರಲ್ಲಿ ಸಿಟ್ಟು ಬರುವುದು ಇಲ್ಲಿಯೇ.

ಬೇಟೆಗಾರ ಮೀನುಗಳೂ ಹೊರಬಿದ್ದಿವೆ. 2018ರ ಪ್ರವಾಹದ ಮೇಲೆ ಕೇರಳದ ಚಾಲಕುಡಿ ಹೊಳೆಯಲ್ಲಿ ಅರಪೈಮಾ ಬಲೆಗೆ ಬಿತ್ತು. 2023ರ ಏಪ್ರಿಲಿನಲ್ಲಿ ಭೋಪಾಲದ ಕೆರೆಯಲ್ಲಿ, ಮೇ ತಿಂಗಳಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತು. ಕಾಶ್ಮೀರಕ್ಕೆ ಅಮೆರಿಕದಿಂದ ಅದು ಈಸಿಕೊಂಡು ಬಂದಿರಲಾರದು! ನಮ್ಮ ಭೀಮೆಯಲ್ಲಿ ಬೇಟೆಗಾರರಿಲ್ಲವೆಂದಲ್ಲ. ಬಾಳೆ ಮೀನಿದೆ, ಹಾವಿನ ತಲೆಯ ಕೊರವ ಇದೆ. ಅವುಗಳ ಬಾಯಿಗೆ ಹೇಗೆ ತಪ್ಪಿಸಿಕೊಳ್ಳಬೇಕೆಂದು ನಮ್ಮ ಸಣ್ಣ ಮೀನುಗಳಿಗೆ ತಲೆತಲಾಂತರದಿಂದ ಗೊತ್ತು. ಅಮೆಜಾನಿನ ಬಾಯಿ ಅವಕ್ಕೆ ಹೊಸದು.

ದೌಂಡಿನ ಮೀನಿನ ಗತಿ ಏನಾಯಿತು ಅಂತ ಕೇಳುತ್ತೀರಿ. ಕಾರ್ಯಕ್ರಮದಲ್ಲಿ ಈ ವಿಷಯ ಪ್ರಸ್ತಾಪಿಸಿದ ಮೇಲೆ ಪಿಂಪರಿ-ಚಿಂಚವಡದ ಕೇಳುಗರೊಬ್ಬರು ಮುಂದೆ ಬಂದರು. ಅವರ ಮನೆಯ ನೆಲಮಹಡಿಯಲ್ಲಿ ಸಿಮೆಂಟಿನ ದೊಡ್ಡ ತೊಟ್ಟಿಯೇ ಇದೆ, ನಾಲೆಗೂ ಚರಂಡಿಗೂ ಸಂಬಂಧವಿಲ್ಲದ್ದು. ಎರಡು ದಿನ ಮೀನಿಗೆ ಉಪವಾಸ. ದಾರಿಯಲ್ಲಿ ನೀರು ಕೆಡದಿರಲಿ ಅಂತ. 200 ಲೀಟರಿನ ಡ್ರಮ್ಮಿಗೆ ಅದೇ ಹಳೆಯ ತೊಟ್ಟಿಯ ನೀರು ಅರ್ಧ, ಬ್ಯಾಟರಿಯ ಗಾಳಿ ಪಂಪು. ಬಲೆ ಬಳಸಲಿಲ್ಲ, ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿ ಮುರಿಯುತ್ತದೆ. ಒದ್ದೆ ಗೋಣಿತಾಟಿನಲ್ಲಿ ಇಬ್ಬರು ಎತ್ತಿ ಹಾಕಿದರಂತೆ. ಹುಡುಗ ಟೆಂಪೋದಲ್ಲಿ ಡ್ರಮ್ಮಿನ ಪಕ್ಕದಲ್ಲೇ ಕುಳಿತು ಹೋಗಿ ಬಿಟ್ಟು ಬಂದ. ವಾಡಿಗೆ ಹೋದ ಮೇಲೂ ವಾರಕ್ಕೊಮ್ಮೆ ಫೋನ್ ಮಾಡಿ ಮೀನಿನ ಯೋಗಕ್ಷೇಮ ಕೇಳುತ್ತಿದ್ದಾನೆ.

ಎಲ್ಲರಿಗೂ ಹೀಗೆ ಮನೆ ಸಿಗುವುದಿಲ್ಲ. ಸಿಗದಿದ್ದರೆ ಪಶುವೈದ್ಯರನ್ನು ಕಂಡು, ನೋವಿಲ್ಲದಂತೆ ಅದರ ಜೀವ ಮುಗಿಸುವುದು ಹೊಳೆಗೆ ಬಿಡುವುದಕ್ಕಿಂತ ಮೇಲು. ಹೇಳಲು ಕಷ್ಟ, ಆದರೂ ಹೇಳಬೇಕು. ಹೊಲದ ಕೃಷಿಹೊಂಡಕ್ಕೂ ಬಿಡಬೇಡಿ. ಮಳೆಗಾಲದಲ್ಲಿ ಹೊಂಡ ಉಕ್ಕಿದರೆ ಹಳ್ಳ, ಹಳ್ಳದಿಂದ ಹೊಳೆ.

ಆದರೂ ಬೇಟೆಗಾರ ಮೀನಿನ ಗತ್ತು ಬೇಕೇ ಬೇಕು ಅನ್ನುವವರಿಗೆ ಆಸ್ಕರ್ ಇದೆ. ಒಂದಡಿಗೆ ನಿಲ್ಲುತ್ತದೆ. ಮನೆಯವರ ಗುರುತು ಹಿಡಿದು ಬಾಲ ಆಡಿಸುತ್ತದೆ. ಒಂದಕ್ಕೆ ನಾಲ್ಕಡಿ ತೊಟ್ಟಿ ಇಡಿ. ಮೀನು ತರುವ ಒಂದು ತಿಂಗಳ ಮುಂಚೆಯೇ ಫಿಲ್ಟರ್ ಓಡಿಸಿ, ಬ್ಯಾಕ್ಟೀರಿಯಾ ನೆಲೆಸಲು ಅಷ್ಟು ಸಮಯ ಬೇಕು. ನಲ್ಲಿ ನೀರಿನ ಕ್ಲೋರಿನ್ ಕಳೆದ ಮೇಲೇ ಹಾಕಿ. ಜೀವಂತ ಗೋಲ್ಡ್‌ಫಿಶ್ ತಿನ್ನಿಸುವ ತಮಾಷೆ ಬೇಡ. ರೋಗವೂ ಬರುತ್ತದೆ, ಗೋಲ್ಡ್‌ಫಿಶ್ಶಿನ ಮಾಂಸ ಬಿ1 ಜೀವಸತ್ವವನ್ನೂ ಕೆಡಿಸುತ್ತದೆ. ಸಿಗಡಿ ಚೂರು, ಒಳ್ಳೆಯ ಗುಳಿಗೆ ಆಹಾರ ಸಾಕು. ಕೋಳಿ ಕಾಳಿಜ, ಕುರಿ ಮಾಂಸ ಬೇಡ, ಅದರ ಕೊಬ್ಬು ಮೀನಿಗೆ ಅರಗುವುದಿಲ್ಲ.

ಪುಣೆ, ದೌಂಡದ ಕಡೆ ಡಿಸೆಂಬರ್ ರಾತ್ರಿಗಳು ತಣ್ಣಗಿರುತ್ತವೆ. ಇವು ಬಿಸಿ ದೇಶದ ಮೀನುಗಳು, ನೀರು 25-28 ಡಿಗ್ರಿ ಇರಲಿ. ಹೀಟರಿಗೆ ದೊಡ್ಡ ಮೀನು ಬಾಲ ಬಡಿದು ಒಡೆಯುವುದುಂಟು. ಅದಕ್ಕೆ ಪ್ಲಾಸ್ಟಿಕ್ ಜಾಲರಿ ಹಾಕಿಸಿ, ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ.